ಅಂಬಿಗನ ಕಲ್ಲಿನ ನಾಲ್ಕನೆಯ ಸಾಲು

೧೨ ನವೆಂಬರ್ ೧೯೬೧, ರವಿವಾರ. ಹಾನಗಲ್ಲ

ಧಾರವಾಡದಿಂದ ಕಾಗದ ಬಂದಿದೆ. ಮೂರು ಸಲ ಓದಿದೆ. ಇಪ್ಪತ್ತೇಳು ವರ್ಷ ಈ ನಾಲ್ಕು ತಾಲೂಕಿನ ಕಲ್ಲುಗಳ ಹಿಂದೆ ಬಿದ್ದು, ಬಿಸಿಲು ತಿಂದು, ಹೊಲದವರ ಬಾಯಲ್ಲಿ 'ನಿಧಿ ಹುಡುಕೋ ಮಾಸ್ತರ' ಅನ್ನಿಸಿಕೊಂಡವನಿಗೆ ಇದೇ ಮೊದಲ ಸಲ ಒಬ್ಬ ಪಂಡಿತರು 'ತಮ್ಮ ಶೋಧ ಮಹತ್ವದ್ದು' ಎಂದು ಬರೆದಿದ್ದಾರೆ. ಉಳಿವೆಪ್ಪ ಮಾಸ್ತರ ಸುಮ್ಮನೆ ಕಾಲು ಸವೆಸಲಿಲ್ಲ ಎಂದು ಈಗಲಾದರೂ ಊರಿಗೆ ಗೊತ್ತಾಗಲಿ.

ಮಾಸೂರಿನಿಂದ ಎರಡು ಮೈಲು ಆಚೆ, ಕುಮುದ್ವತಿ ಹೊಳೆಯ ದಂಡೆಯ ಹತ್ತು ಮನೆಯ ಹಳ್ಳಿಯಲ್ಲಿ, ಗುತ್ತೆಪ್ಪನೆಂಬ ರೈತನ ಹೊಲದ ಬದುವಿನ ಮೇಲೆ ಆ ಕಲ್ಲಿದೆ. ಹೋದ ಬೇಸಿಗೆಯಲ್ಲಿ ಕಂಡದ್ದು. ನಮ್ಮ ಕಡೆಯ ವೀರಗಲ್ಲುಗಳೆಲ್ಲ ದನ ಬಿಡಿಸಲು ಹೋಗಿ ಸತ್ತವರವು, ಇಲ್ಲವೇ ಯಾರೋ ರಾಜನಿಗಾಗಿ ಸತ್ತವರವು. ಇದು ಅಂಬಿಗನದು. ಹರಿಗೋಲಿನಲ್ಲಿ ಹುಟ್ಟು ಹಿಡಿದು ನಿಂತವನ ಚಿತ್ರ, ಅದರ ಕೆಳಗೆ ನಾಲ್ಕು ಸಾಲು. ಮೂರನ್ನು ಅಂದೇ ಓದಿ ಬರೆದುಕೊಂಡೆ. 'ಪೊನಲೊಳ್ ಏೞ್ವರಂ ತಡಿಗೆ ತಂದು ಸತ್ತಂ' ಎಂದಿದೆ. ಮಹಾಪೂರದಲ್ಲಿ ಏಳು ಜನರನ್ನು ದಡ ಮುಟ್ಟಿಸಿ ತಾನು ಹೋದ. ಯಾರು? ಮೂರರಲ್ಲಿ ಅವನ ಹೆಸರಿಲ್ಲ, ಅದು ನಾಲ್ಕನೆಯ ಸಾಲಿನಲ್ಲೇ ಇರಬೇಕು, ಆ ಸಾಲು ಮಣ್ಣಿನಲ್ಲಿ ಹೂತಿತ್ತು. ಅಗೆಸುವ ಹೊತ್ತಿಗೆ ಮಳೆ ಹಿಡಿದು ಹೊಳೆ ಏರಿತು.

ಜಿಲ್ಲೆಯ ಶಾಸನಗಳ ಪುಸ್ತಕ ಯುಗಾದಿಗೆ ಅಚ್ಚಿಗೆ ಹೋಗುತ್ತದಂತೆ. ಅಷ್ಟರೊಳಗೆ ನಾಲ್ಕನೆಯ ಸಾಲನ್ನು ಕಾಗದಕ್ಕೆ ಒತ್ತಿದ ಪಡಿಯಚ್ಚು ಕಳಿಸಿದರೆ ಶಾಸನ ನನ್ನ ಹೆಸರಿನಲ್ಲಿ ಸೇರುತ್ತದೆ, ಇಲ್ಲದಿದ್ದರೆ ಇಲ್ಲ. ರಾಜರ ಹೆಸರು ಸಾವಿರ ಕಲ್ಲಿನ ಮೇಲಿದೆ, ಒಂದು ಒಡೆದರೆ ಇನ್ನೊಂದು. ಈ ಬಡವನಿಗೆ ಇರುವುದು ಇದೊಂದೇ.

ಪಂಡಿತರ ಅಕ್ಷರ ಮಾತ್ರ ಬಹಳ ಸಣ್ಣದು. ದೊಡ್ಡವರಿಗೆ ಮಸಿಯಲ್ಲೂ ಜಿಪುಣತನ.

೧೯ ನವೆಂಬರ್, ರವಿವಾರ

ಹಾಳಾದ ದಿನ. ನಮ್ಮ ಸಾಲೆಯ ಶಿಪಾಯಿ ನಾಗಪ್ಪನ ತಲೆಯ ಮೇಲೆ ಕಾಗದ, ಮಸಿ, ಕುಂಚ ಹೊರಿಸಿಕೊಂಡು ಹಿರೇಕೆರೂರಿನವರೆಗೆ ಬಸ್ಸು, ಅಲ್ಲಿಂದ ಮಾಸೂರಿಗೆ ಚಕ್ಕಡಿ, ಆಮೇಲೆ ನಡಿಗೆ. ಗುತ್ತೆಪ್ಪ ಮಣ್ಣು ತೆಗೆಸಿ, ಕಲ್ಲು ತೊಳೆಸಿ ಇಟ್ಟಿದ್ದ. ಅಷ್ಟು ಚೊಕ್ಕ ಮಾಡಿದರೂ ನಾಲ್ಕನೆಯ ಸಾಲು ಮಬ್ಬು. ಮಣ್ಣು ತಿಂದಿದೆ. ಮೇಲಿನ ಮೂರು ಸಾಲುಗಳೂ ಬೇಸಿಗೆಯಲ್ಲಿ ಕಂಡ ಹಾಗಿಲ್ಲ. ಆರು ತಿಂಗಳಲ್ಲಿ ಕಲ್ಲು ಇಷ್ಟು ಸವೆಯುತ್ತದೆಯೇ? ಎತ್ತುಗಳು ಮೈ ತಿಕ್ಕಿರಬೇಕು. ಗುತ್ತೆಪ್ಪನಿಗೆ ಬೈದೆ.

"ಅಕ್ಷರ ಪೂರಾ ಸವದ ಹೋಗ್ಯಾವಲ್ಲೋ! ಇನ್ನೊಂದ ಮಳಿಗಾಲ ಬಂದ್ರ ಆ ಪುಣ್ಯಾತ್ಮನ ಹೆಸರ ಉಳಿಯೂದಿಲ್ಲ. ಪಾಪ ನಿಮ್ಮ ಊರಿಗೆ ಹತ್ತತೈತಿ ನೋಡು."

"ಹಂಗನ್ರಿ ಮಾಸ್ತರ? ನಮಗ ಚೊಲೊ ಕಾಣತಾವಲ್ರಿ..."

"ನಿನಗ ಅಕ್ಷರ ಬರ್ತಾವೇನು?"

"ಇಲ್ರಿ."

"ಮತ್ತ ಬಾಯಿ ಮುಚ್ಚು."

ಅವನು ತಲೆ ತಗ್ಗಿಸಿ ನಿಂತ.

ಹಸಿ ಕಾಗದ ಹಾಸಿ, ಕುಂಚದಿಂದ ಬಡಿದು ಅಕ್ಷರದ ತಗ್ಗಿಗೆ ಕೂರಿಸಿ, ಮೇಲೆ ಬಟ್ಟೆಯ ಉಂಡೆಯಿಂದ ಮಸಿ ಒತ್ತಿದರೆ ಅಕ್ಷರ ಬಿಳಿದಾಗಿ, ಉಳಿದದ್ದು ಕಪ್ಪಾಗಿ ಏಳಬೇಕು. ಮೂರು ಹಾಳೆ ತೆಗೆದೆವು. ಮೂರೂ ಬೂದಿ ಬಳಿದಂತೆ. ನಾಗಪ್ಪ ಮಸಿ ಕಲಸಿದ್ದೇ ಸರಿಯಿಲ್ಲ. ಅವನೋ, "ಚೊಕ್ಕ ಬಂದೈತಲ್ರಿ ಸರ, ಇಲ್ಲಿ ನೋಡ್ರಿ" ಎಂದು ಹಾಳೆಯ ಮೇಲೆ ಬೆರಳಿಡುತ್ತಾನೆ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮಾಡಿದ ತಪ್ಪು ಒಪ್ಪಿಕೊಳ್ಳುವ ಗುಣ ಈ ಜನಕ್ಕೆ ಯಾವಾಗ ಬಂದೀತು? ಮೂರನ್ನೂ ಅವನ ಎದುರಿಗೇ ಹರಿದು ಹೊಳೆಗೆ ಎಸೆದೆ.

೬ ಡಿಸೆಂಬರ್

ಕಂದೀಲಿನ ಸುತ್ತ ಕಾಮನಬಿಲ್ಲಿನ ಹಾಗೆ ಬಣ್ಣದ ಬಳೆ ಕಾಣುತ್ತದೆ. ಅಂಗಡಿಯವರು ಚಿಮಣಿ ಎಣ್ಣೆಯಲ್ಲಿ ಏನು ಬೆರೆಸುತ್ತಾರೋ. ಇವತ್ತು ಕೊಡ ಎಡವಿ ಪಡಸಾಲೆಯ ಬಾಗಿಲ ಚೌಕಟ್ಟಿಗೆ ಹಣೆ ಬಡಿಯಿತು. ನೀರಿನ ಕೊಡ ದಾರಿಯಲ್ಲಿ ಇಟ್ಟಿದ್ದೇಕೆ ಎಂದು ಸುಶೀಲವ್ವನ ಮೇಲೆ ಹರಿಹಾಯ್ದೆ. ಮೂವತ್ತು ವರ್ಷ ಸಂಸಾರ ಮಾಡಿದವಳು, ತಿರುಗಿ ಒಂದು ಮಾತಾಡುತ್ತಿದ್ದಳು. ಇವತ್ತು ಮಾತಾಡದೆ ಕೊಡ ಎತ್ತಿ ಮೂಲೆಗೆ ಇಟ್ಟಳು.

೨೫ ಡಿಸೆಂಬರ್, ಸೋಮವಾರ. ಸವಣೂರು

ಸಾಲೆಗೆ ರಜೆ. ಮಾಸೂರಿನ ಕಲ್ಲು ಕೈಕೊಟ್ಟಿತು, ಬೇರೆ ಏನಾದರೂ ಕಳಿಸೋಣವೆಂದು ನಾಗಪ್ಪನನ್ನು ಕರೆದುಕೊಂಡು ಶಿಗ್ಗಾಂವಿ ಕಡೆ ಹೊರಟೆ. ನಿನ್ನೆ ಬಂಕಾಪುರದ ಕೋಟೆಯೊಳಗಿನ ಅರವತ್ತು ಕಂಬದ ಗುಡಿ. ಮೊದಲು ಅಲ್ಲಿ ಕಂಬದ ಮುಂದೆ ನಿಂತರೆ ಕನ್ನಡಿಯಂತೆ ನನ್ನ ಮೋರೆ ಕಾಣುತ್ತಿತ್ತು. ಈಗ ಮೆರುಗು ಹೋಗಿದೆ. ಒಂದೊಂದು ಕಂಬದ ಮುಂದೆಯೂ ನಿಂತು ನೋಡಿದೆ. ಯಾವುದರಲ್ಲೂ ನಾನಿಲ್ಲ.

ಇಳಿಯುವಾಗ ಒಂದು ಮೆಟ್ಟಲು ತಪ್ಪಿ ಮುಗ್ಗರಿಸಿದೆ. ಆಗಿನಿಂದ ಈ ನಾಗಪ್ಪ ನನ್ನ ಮೊಣಕೈ ಬಿಡುತ್ತಿಲ್ಲ. "ನಾನೇನ ಮದುಮಗಳೇನೋ, ಕೈ ಹಿಡಕೊಂಡ ನಡಿಯಾಕ?" ಎಂದೆ. ಹಲ್ಲು ಕಿರಿದ, ಕೈ ಬಿಡಲಿಲ್ಲ.

ಇವತ್ತು ಸವಣೂರಿನ ದೊಡ್ಡ ಹುಣಸೆ ಮರಗಳ ಕೆಳಗೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಹತ್ತು ಜನ ಕೈಕೈ ಹಿಡಿದರೂ ಬೊಡ್ಡೆ ತಬ್ಬಲಾಗದು. ಯಾವ ದೇಶದಿಂದ ಯಾರು ತಂದು ನೆಟ್ಟರೋ, ಯಾವ ಶಾಸನವೂ ಇದಕ್ಕಿಲ್ಲ. ಈ ಪ್ರವಾಸದಲ್ಲಿ ಇದೊಂದು ಚೆನ್ನಾಗಿ ಕಂಡಿತು. ಇಷ್ಟು ದೊಡ್ಡದು ಕಾಣದೆ ಎಲ್ಲಿಗೆ ಹೋಗಬೇಕು?

ಮನಸ್ಸಿಗೆ ಸಮಾಧಾನವಿಲ್ಲ. ಹೋದಲ್ಲೆಲ್ಲ ಎಲ್ಲವೂ ಅಳಿಯುತ್ತಿದೆ.

೧೬ ಜನೆವರಿ ೧೯೬೨

ಹೆಡ್ ಮಾಸ್ತರರು ಕರೆದು ಬಾಗಿಲು ಹಾಕಿಕೊಂಡರು. ನಾಲ್ಕನೆಯ ಇಯತ್ತೆಯ ಮೂವತ್ತೊಂದು ಹುಡುಗರಿಗೂ ಶುದ್ಧಲೇಖನದಲ್ಲಿ ನಾನು ಸೊನ್ನೆ ಕೊಟ್ಟಿದ್ದೇನಂತೆ. ಕೊಟ್ಟಿದ್ದು ಹೌದು. ಒಬ್ಬನ ಮಸಿಯೂ ಮೂಡಿರಲಿಲ್ಲ. ಅವರು ಒಂದು ಪುಸ್ತಕ ತೆಗೆದು ನನ್ನ ಮುಂದೆ ಹಿಡಿದು, "ಉಳಿವೆಪ್ಪನವರ, ಇದನ್ನ ಓದ್ರಿ" ಎಂದರು. ಓದಲಿಲ್ಲ. ನನ್ನನ್ನು ಪರೀಕ್ಷೆ ಮಾಡಲು ಇವರು ಯಾರು? ನಾನು ನೌಕರಿ ಸೇರಿದಾಗ ಇವರಿಗೆ ಮೀಸೆ ಬಂದಿರಲಿಲ್ಲ.

ರಜೆ ಬರೆದುಕೊಟ್ಟು ಹುಬ್ಬಳ್ಳಿಗೆ ಹೋಗಿ ಕಣ್ಣು ತೋರಿಸಿ ಬನ್ನಿ ಅಂದರು. ಹೊಸ ಚಾಳೀಸು ಹಾಕಿಸಿಕೊಂಡು ಬಂದು ಇವರ ತಪ್ಪುಗಳನ್ನೂ ಹುಡುಕುತ್ತೇನೆ.

೨೦ ಜನೆವರಿ, ಶನಿವಾರ

ಚಾಳೀಸಿನ ಕೆಲಸವಲ್ಲವಂತೆ. ಪೊರೆಯೂ ಅಲ್ಲವಂತೆ, ಪೊರೆಯಾದರೆ ತೆಗೆಯಬಹುದಿತ್ತು. ಕಣ್ಣಿನ ಹಿಂದಿನ ನರ ಒಣಗುತ್ತಿದೆ. ಹೋದದ್ದು ಬರುವುದಿಲ್ಲ, ಉಳಿದದ್ದು ಹೆಚ್ಚೆಂದರೆ ಮುಂದಿನ ದೀಪಾವಳಿಯವರೆಗೆ. ಡಾಕ್ಟರರು ಇಷ್ಟನ್ನು ಹೇಳಿ ಮುಂದಿನವರನ್ನು ಕರೆದರು.

ಬರುವಾಗ ಯಲವಿಗಿ ಟೇಶನ್ನಿನಲ್ಲಿ ಇಳಿದು, ಸವಣೂರಿನ ಬಸ್ಸಿಗೆ ಕಾಯುತ್ತ ಕುಳಿತೆವು. ಸುಶೀಲವ್ವ ರೊಟ್ಟಿ ಗಂಟು ಬಿಚ್ಚಿ ಕೈಗೆ ಕೊಟ್ಟಳು. ಪಲ್ಯ ಯಾವ ಕಡೆಗಿದೆ ಎಂದೂ ಬೆರಳು ಹಿಡಿದು ತೋರಿಸಿದಳು. ಆಗ ಹೊಳೆಯಿತು.

"ನಿನಗ ಗೊತ್ತಿತ್ತೇನ?"

"ಹ್ಞೂಂರಿ. ದೀಪಾವಳಿಯಿಂದ."

"ಬಾಯಿ ಬಿಟ್ಟ ಹೇಳಾಕ ಏನಾಗಿತ್ತ?"

"ಹೇಳಿದ್ರ ಕೇಳವ್ರ ನೀವು? ಕೊಡಕ್ಕ ಬೈದ್ರಿ, ಎಣ್ಣಿಗೆ ಬೈದ್ರಿ, ಬಾಗಲಕ್ಕ ಬೈದ್ರಿ. ನನಗ ಬೈಯೂದ ಒಂದ ಉಳದಿತ್ತು."

ರೊಟ್ಟಿಯನ್ನು ತಿರುಗಿ ಗಂಟಿಗೆ ಇಟ್ಟೆ. ಓದುವುದೊಂದೇ ನನಗೆ ಬರುತ್ತಿದ್ದದ್ದು. ಮಕ್ಕಳಿಲ್ಲ, ಹೊಲವಿಲ್ಲ, ಇದೊಂದೇ ಇತ್ತು. ಇನ್ನು ನಾನು ಯಾಕೆ ಇರಬೇಕು, ಯಾರಿಗಾಗಿ ಇರಬೇಕು, ತಿಳಿಯದು.

೨೮ ಜನೆವರಿ, ರವಿವಾರ

ಎಂಟು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಇವತ್ತು ನಾಗಪ್ಪ ಬಂದು, "ತಾರಕೇಶ್ವರನ ಗುಡಿಗಾದ್ರೂ ಬರ್ರಿ ಸರ, ಗಾಳಿ ತಗೊಂಡ ಬರೋಣು" ಎಂದು ಎಳೆದುಕೊಂಡು ಹೋದ.

ಗುಡಿಯ ಚಾವಣಿಯ ಕಮಲ ನೋಡಲು ತಲೆ ಎತ್ತಿದೆ. ಬರೀ ಕತ್ತಲೆ. ಅಂಗಳದ ಶಾಸನದ ಕಲ್ಲಿನ ಮುಂದೆ ಕುಳಿತೆ. ಅದು ನನಗೆ ಬಾಯಿಪಾಠ. ಇಪ್ಪತ್ತೇಳು ವರ್ಷದ ಹಿಂದೆ ನಾನು ಹಳಗನ್ನಡದ ಅಕ್ಷರ ಕಲಿತದ್ದೇ ಆ ಕಲ್ಲಿನ ಮೇಲೆ. ಇವತ್ತು ಅದೂ ಸವೆದು ಮಬ್ಬಾಗಿ ಕಂಡಿತು. ಬೆರಳಿಟ್ಟೆ.

ಅಯ್ಯೋ! ಒಂದಕ್ಷರವೂ ಸವೆದಿಲ್ಲ. ಅಂಚು ಅಂಚೂ ಬೆರಳಿಗೆ ಕುತ್ತುತ್ತದೆ. 'ಸ್ವಸ್ತಿ' ಎಂದು ಬೆರಳಿನಿಂದಲೇ ಓದಿದೆ. ಮುಂದಿನದನ್ನೂ ಓದಿದೆ.

"ನಾಗಪ್ಪಾ, ಮಾಸೂರಿನ ಕಲ್ಲು ಹೆಂಗಿತ್ತೋ? ಖರೆ ಹೇಳು."

"ಚೊಕ್ಕ ಇತ್ರಿ. ಮಣ್ಣಾಗ ಹುಗದಿದ್ದ ಸಾಲಂತೂ ನಿನ್ನಿ ಕೆತ್ತಿದಂಗ ಇತ್ತು."

"ಮತ್ತ ಅಚ್ಚು?"

"ಅದೂ ಚೊಕ್ಕ ಬಂದಿತ್ತಲ್ರಿ. ನೀವ ಹರದ್ರಿ."

ಅವನ ಮೋರೆ ನನಗೆ ಸರಿಯಾಗಿ ಕಾಣಲಿಲ್ಲ. ನಾಚಿಕೆಯಿಂದ ನನ್ನ ಮೈ ಬೆವರಿತು. ಆದರೂ ಮನಸ್ಸು ಜಿಗಿಯಿತು, ಸುಳ್ಳು ಯಾಕೆ ಹೇಳಲಿ? ಕಲ್ಲು ಇದ್ದ ಹಾಗೇ ಇದೆ. ಕಣ್ಣು ಹೋದರೆ ಹೋಗಲಿ, ಬೆರಳಿದೆ. ಬೆರಳಿನಿಂದ ಓದುತ್ತೇನೆ, ನಾಗಪ್ಪ ಅಚ್ಚು ತೆಗೆಯಲಿ. ಅವನು ಚೊಕ್ಕ ಎಂದರೆ ಚೊಕ್ಕ. ಯುಗಾದಿಗೆ ಇನ್ನೂ ಎರಡು ತಿಂಗಳಿದೆ. ಮುಂದಿನ ರವಿವಾರವೇ ಹೊರಡುವುದು. ಮನೆಗೆ ಬಂದು ಎರಡು ರೊಟ್ಟಿ ಕೇಳಿ ಉಂಡೆ. ಸುಶೀಲವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳೆಂದು ಕಾಣುತ್ತದೆ.

೪ ಫೆಬ್ರುವರಿ, ರವಿವಾರ

ಹೋಗಲಾಗಲಿಲ್ಲ. ಎಂಟು ಗ್ರಹ ಒಂದೇ ಮನೆಯಲ್ಲಿ ಕೂಡಿವೆಯಂತೆ, ಲೋಕ ಮುಳುಗುತ್ತದಂತೆ. ನಾಗಪ್ಪನ ಹೆಂಡತಿ ಅವನನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಬಸ್ಸಿನಲ್ಲೂ ಜನವಿಲ್ಲ. ಓಣಿ ಓಣಿಯಲ್ಲಿ ಭಜನೆ, ಹೋಮ, ದಾನ. ಜಿಪುಣರೆಲ್ಲ ಇವತ್ತು ಕೈ ಬಿಚ್ಚಿದ್ದಾರೆ. ನನ್ನ ಲೋಕ ಮುಳುಗಿ ಹದಿನೈದು ದಿನವಾಯಿತು, ಅದಕ್ಕೆ ಯಾರೂ ಭಜನೆ ಮಾಡಲಿಲ್ಲ.

ಬರುವ ರವಿವಾರ. ಒಂದು ವಾರದಲ್ಲಿ ಕಲ್ಲು ಎಲ್ಲಿಗೂ ಓಡಿಹೋಗುವುದಿಲ್ಲ.

೧೧ ಫೆಬ್ರುವರಿ, ರವಿವಾರ

ಮನೆಗೆ ಬಂದು ಕುಳಿತಿದ್ದೇನೆ. ಎಲ್ಲವನ್ನೂ ಬರೆದುಬಿಡುತ್ತೇನೆ.

ಹಳ್ಳಿ ಮುಟ್ಟುವ ಮೊದಲೇ ಗುತ್ತೆಪ್ಪ ಓಡಿ ಬಂದು ನನ್ನ ಕಾಲು ಮುಟ್ಟಿದ. "ಬರ್ರಿ ಮಾಸ್ತರ, ಬರ್ರಿ! ಇವತ್ತ ನಿಮಗ ಹೇಳಿ ಕಳಸೂದಿತ್ತು, ನೀವ ಬಂದ್ರಿ ನೋಡ್ರಿ." ಹೊಲದ ಬದುವಿಗೆ ಹೋದರೆ ಹತ್ತೂ ಮನೆಯ ಜನ ಸೇರಿದ್ದರು. ಊದಿನಕಡ್ಡಿಯ ವಾಸನೆ, ಚೆಂಡುಹೂವಿನ ವಾಸನೆ. ಕಲ್ಲಿನ ಸುತ್ತ ಕಟ್ಟೆ ಕಟ್ಟಿ ಸುಣ್ಣ ಹಚ್ಚಿದ್ದರು. ಆ ಬಿಳುಪು ನನಗೂ ಕಂಡಿತು.

"ಲೋಕ ಮುಳಗತೈತಿ ಅಂದ್ರು. ನಮ್ಮಂಥಾ ಊರಾಗ ಹೋಮ ಮಾಡವ್ರ ಯಾರದಾರ್ರಿ? ನಾ ಅಂದೆ, ಆ ಅಂಬಿಗನ ಹೆಸರ ಅಳದ ಹೊಂಟೈತಿ, ಪಾಪ ಊರಿಗೆ ಹತ್ತತೈತಿ ಅಂತ ಮಾಸ್ತರ ಹೇಳ್ಯಾರ, ಅದನ್ನ ಉಳಿಸಿದ್ರ ಅದಕ್ಕಿಂತ ದೊಡ್ಡ ಪುಣ್ಯ ಯಾವದೈತಿ? ಮನಿಮನಿಗೆ ಜ್ವಾಳ ಕೂಡಿಸಿ ಶಿಗ್ಗಾಂವಿಯಿಂದ ಲಕ್ಕಪ್ಪನ ಕರಿಸಿದ್ವಿ. ಮೂರ ದಿನ ಕುಂತ ಹೊಸದಾಗಿ ಕೆತ್ಯಾನ್ರಿ. ನೋಡ್ರಿ, ಲೋಕ ಉಳೀತು!"

ಲಕ್ಕಪ್ಪ ಮುಂದೆ ಬಂದು ಕೈ ಮುಗಿದ. ಒರಳು, ಬೀಸುಕಲ್ಲಿಗೆ ಉಳಿ ಹೊಡೆಯುವ ಬಡ ಕಲ್ಲುಕುಟಿಗ.

"ಹಳೇ ಅಕ್ಷರ ಸವದಿದ್ವೇನೋ?" ಎಂದು ಕೇಳಿದೆ. ನನ್ನ ದನಿ ನನಗೇ ಗುರುತು ಹತ್ತಲಿಲ್ಲ.

"ಸವದಂಗ ಕಾಣಲಿಲ್ರಿ. ಸಣ್ಣ ಗೆರಿ, ಭಾಳ ನಾಜೂಕ. ನನಗೂ ಅನುಮಾನ ಬಂತು. ಆದ್ರ ಮಾಸ್ತರ ಸವದಾವ ಅಂದ ಮ್ಯಾಲ ನಾವೇನ ಹೇಳೂದು? ಮೊದಲ ಮೈ ತಿಕ್ಕಿ ನುಣ್ಣಗ ಮಾಡಿದೆ. ಆಮ್ಯಾಲ ಗೆರಿ ಇದ್ದ ಜಾಗಾ ನೆನಪ ಮಾಡಿ ಹೊಡದೇನಿ. ಅಕ್ಷರ ಬರೂದಿಲ್ರಿ ನನಗ."

"ನಮಗೂ ಚೊಲೊ ಕಾಣತಿದ್ವರಿ," ಎಂದ ಗುತ್ತೆಪ್ಪ. "ಆದ್ರ ನೀವು ಓದಿದವ್ರು."

ನಾಗಪ್ಪ ನನ್ನ ಮೊಣಕೈ ಬಿಗಿಯಾಗಿ ಹಿಡಿದ. ಅವನಿಗೆ ಎಲ್ಲ ಕಂಡಿತ್ತು.

ಓದಿ ಹೇಳಿರೆಂದು ಜನ ಕೇಳಿದರು. ಮೊದಲ ಮೂರು ಸಾಲುಗಳನ್ನು ನೆನಪಿನಿಂದಲೇ ಹೇಳಿ ಅರ್ಥ ಬಿಡಿಸಿದೆ. ಮಹಾಪೂರ ಬಂದದ್ದು, ಏಳು ಜನ ದಡ ಮುಟ್ಟಿದ್ದು, ಅವನು ಮುಟ್ಟದೆ ಹೋದದ್ದು. ಹೆಂಗಸರು ಲೊಚಗುಟ್ಟಿದರು. ನಾಲ್ಕನೆಯದಕ್ಕೆ ಬಂದು ಸುಮ್ಮನಾದೆ. ಗುತ್ತೆಪ್ಪನ ತಾಯಿ ಯಂಕವ್ವ, ತೊಂಬತ್ತರ ಮುದುಕಿ, ನೆಲಕ್ಕೆ ಕುಳಿತವಳು ಕೇಳಿದಳು:

"ಹೆಸರೇನಪಾ ನನ್ನ ಮಗನಂಥಾ ಆ ಅಂಬಿಗನ್ದು? ಹೆಸರ ಹಿಡದ ಒಂದ ದೀಪಾ ಹಚ್ಚತೇನಿ."

ಏನಾದರೊಂದು ಹೆಸರು ಹೇಳಿಬಿಡಬಹುದಿತ್ತು. ಬಾಯಿ ಬರಲಿಲ್ಲ. ನೀವು ಕೆಡಿಸಿದಿರಿ ಅನ್ನಬಹುದಿತ್ತು. ಅದಕ್ಕೂ ಬಾಯಿ ಬರಲಿಲ್ಲ. "ನನಗ ಕಾಣವಲ್ಲದವ್ವಾ," ಎಂದೆ. "ನನ್ನ ಕಣ್ಣ ಹೋಗ್ಯಾವು. ಆವತ್ತ ಬಂದಾಗನ ಹೋಗಿದ್ವು."

ಜನರ ಮುಂದೆ ಈ ಮಾತು ಆಡಿದ್ದು ಇದೇ ಮೊದಲು. ಆಮೇಲೆ ಗುತ್ತೆಪ್ಪ ಬಂದು, ಮಗುವಿನ ಕೈ ಹಿಡಿದ ಹಾಗೆ ನನ್ನ ಕೈ ಹಿಡಿದ.

"ಅದಕ್ಯಾಕ ಚಿಂತಿ ಮಾಡ್ತೀರಿ ಮಾಸ್ತರ? ಬೆರಳ ಹಿಡಸೂವಷ್ಟ ಆಳ ಹೊಡಿಸೇವಿ. ಕೈ ಇಟ್ಟ ನೋಡ್ರಿ."

ಕೈ ಇಟ್ಟೆ. ಬೆರಳು ಹಿಡಿಸಿತು. ಬೀಸುಕಲ್ಲಿನ ಮೇಲಿನ ತಗ್ಗುಗಳಂತೆ ಒಂದರ ಪಕ್ಕ ಒಂದು, ಈ ತುದಿಯಿಂದ ಆ ತುದಿಯವರೆಗೆ. ಮತ್ತೆ ಮೊದಲಿನಿಂದ ಹಿಡಿದು ಹೋದೆ. ಅಕ್ಷರ ಒಂದೂ ಇರಲಿಲ್ಲ.

ಚೊಲೊ ಆಳ ಐತಿ, ನೂರು ವರ್ಷ ಅಳಿಯೂದಿಲ್ಲ ಎಂದು ಹೇಳಿದೆ. ಲಕ್ಕಪ್ಪನಿಗೆ ಸಂತೋಷವಾಯಿತು. ಬೆಲ್ಲ, ಪುಠಾಣಿ ಹಂಚಿದರು. ಯಂಕವ್ವ ಹೆಸರಿಲ್ಲದೆಯೇ ದೀಪ ಹಚ್ಚಿದಳು.

ಬಸ್ಸಿನಲ್ಲಿ ನಾಗಪ್ಪನನ್ನು ಕೇಳಿದೆ, ಆವತ್ತಿನ ಅಚ್ಚಿನಲ್ಲಿ ಆ ಸಾಲಿನ ಒಂದಕ್ಷರದ ಆಕಾರವಾದರೂ ನೆನಪಿದೆಯೇ ಎಂದು. ಬಹಳ ಹೊತ್ತು ಯೋಚಿಸಿದ. "ಇಲ್ರಿ ಸರ," ಎಂದ. ಒಮ್ಮೆ ಹೊಳೆಯಲ್ಲಿ ಮುಳುಗಿದವನನ್ನು ಇನ್ನೊಮ್ಮೆ ಮುಳುಗಿಸಿ ಬಂದೆ.

೧೮ ಫೆಬ್ರುವರಿ, ರವಿವಾರ

ಧಾರವಾಡಕ್ಕೆ ಉತ್ತರ ಬರೆಯಬೇಕಿತ್ತು. ನನ್ನ ಅಕ್ಷರ ಈಗ ಸಾಲಿನ ಮೇಲೆ ನಿಲ್ಲುವುದಿಲ್ಲ, ಇದನ್ನೂ ಅಂದಾಜಿನ ಮೇಲೆ ಬರೆಯುತ್ತಿದ್ದೇನೆ. ನಾಗಪ್ಪನನ್ನು ಕೂರಿಸಿಕೊಂಡು ನಾನು ಹೇಳಿದೆ, ಅವನು ಬರೆದ. ಮೊದಲ ಮೂರು ಸಾಲಿನ ಪಾಠ ಇದು. ನಾಲ್ಕನೆಯ ಸಾಲು ಸ್ಪಷ್ಟವಾಗಿತ್ತು, ಈಗ ಇಲ್ಲ, ಅದರ ಪಡಿಯಚ್ಚೂ ಇಲ್ಲ. ಅಂಬಿಗನ ಹೆಸರು ಇನ್ನು ಸಿಗಲಾರದು. ಕಲ್ಲು ಕೆಟ್ಟ ಬಗೆಯನ್ನು ತಾವು ಪುಸ್ತಕದಲ್ಲಿ ನಮೂದಿಸಬೇಕು, ಮುಂದೆ ಯಾರೂ ಆ ತಗ್ಗುಗಳನ್ನು ಅಕ್ಷರವೆಂದು ಓದಬಾರದು.

ನಾಗಪ್ಪ ಅಲ್ಲಿಗೆ ಲೆಕ್ಕಣಿಕೆ ನಿಲ್ಲಿಸಿದ.

"ಕೆಡಿಸಿದವ್ರ ಹೆಸರ ಏನಂತ ಬರೀಲ್ರಿ ಸರ? ಗುತ್ತೆಪ್ಪಂದ ಬರೀಲ್ಯೋ, ಲಕ್ಕಪ್ಪಂದ ಬರೀಲ್ಯೋ?"

"ಉಳಿವೆಪ್ಪ ಅಂತ ಬರಿ. ಪ್ರಾಥಮಿಕ ಸಾಲಿ ಮಾಸ್ತರ, ಹಾನಗಲ್ಲ."

"ಸರ..."

"ಬರಿಯೋ."

ಬಹಳ ಹೊತ್ತು ತೆಗೆದುಕೊಂಡು ಬರೆದ. ಸುಶೀಲವ್ವ ಬಾಗಿಲಲ್ಲಿ ನಿಂತಿದ್ದಳು, ಅವಳ ಬಳೆಯ ಸಪ್ಪಳ ಕೇಳಿಸಿತು. ನಾಗಪ್ಪ ಹಾಳೆಯನ್ನು ನನ್ನ ಮೋರೆಯ ಹತ್ತಿರ ಹಿಡಿದು, "ಚೊಕ್ಕ ಬಂದೈತೇನ್ರಿ, ನೋಡ್ರಿ" ಎಂದ.

ಬಿಳಿ ಕಾಗದ ಕಂಡಿತು, ಅಷ್ಟೇ. ಚೊಕ್ಕ ಬಂದೈತಿ ಎಂದೆ.